ಎಲಿ ಎತ್ತದಂಗ ಸಾರು ಬಡಸಿದ ಕತಿ

ಪಂಗ್ತಿಯೊಳಗ ಕೂತು ‘ಇನ್ನೊಂಚೂರು ಸಾರು’ ಅಂದ್ರ ಬಡಸವ್ರು ಒಂದು ಸೌಟು ಹಾಕಿ ಮುಂದ ಹೋಗ್ತಾರ. ಎಲಿ ಎತ್ತಿ, ನೆಲಾ ಒರಸಿ, ಹೊಸಾ ಎಲಿ ಹಾಕಿ, ಉಪ್ಪಿನಿಂದ ಮತ್ತ ಸುರು ಮಾಡಂಗಿಲ್ಲ. ಆದ್ರ ಇಂಟರ್ನೆಟ್ಟಿನ ಮೊದಮೊದಲಿನ ದಿನದಾಗ ಹಂಗ ನಡೀತಿತ್ತು ನೋಡ್ರಿ. ಪುಟದಾಗ ಒಂದು ಸಾಲು ಬದಲಾಗಬೇಕಂದ್ರೂ ಬ್ರೌಸರ್ ಇಡೀ ಪುಟಾನ ಸರ್ವರ್‌ನಿಂದ ತಿರುಗಿ ತರಸ್ತಿತ್ತು. ಅರ್ಜಿಯೊಳಗ ಒಂದು ಮನಿ ಖಾಲಿ ಬಿಟ್ರ, ಎಷ್ಟೋ ಸಲ ಇಡೀ ಅರ್ಜಿನೇ ಖಾಲಿಯಾಗಿ ಬರ್ತಿತ್ತು. ಫೋನಿನ ತಂತಿ ಮ್ಯಾಲೆ ಇಂಟರ್ನೆಟ್ ಬರೋ ಕಾಲ, ಕಾಯೋದು ಅಂದ್ರ ಕಾಯೋದೇ.

ಇದಕ್ಕ ಗಟ್ಟಿ ದಾರಿ ಹುಡುಕಿದವ್ರು ಇ-ಮೇಲ್ ಮಂದಿ. ಅಮೆರಿಕಾದ ಮೈಕ್ರೋಸಾಫ್ಟ್‌ನೊಳಗ ಔಟ್‌ಲುಕ್ ವೆಬ್ ಆಕ್ಸೆಸ್ ಅಂತ ಒಂದು ಕೆಲಸ ನಡದಿತ್ತು, ಕಚೇರಿ ಮೇಲನ್ನ ಬ್ರೌಸರ್‌ನ್ಯಾಗ ತೋರ್ಸೋದು. ಅಲ್ಲಿಯ ಅಲೆಕ್ಸ್ ಹಾಪ್‌ಮನ್ ಒಂದು ಸಣ್ಣ ಸಾಧನ ಬರದ್ರು. ಪುಟ ತನ್ನ ಜಾಗಾದಾಗ ಇರ್ತದ, ಈ ಸಾಧನ ಹಿಂದಿನಿಂದ ಸರ್ವರ್‌ಗೆ ಹೋಗಿ ಬೇಕಾದಷ್ಟ ತರ್ತದ. ಕೊತ್ತಂಬರಿ ತರಾಕ ಹುಡುಗನ್ನ ಕಳಸಿದ್ರ ನಾವು ಒಲಿ ಮುಂದ ಕೈ ಕಟ್ಟಿ ನಿಂದರ್ತೇವೇನು? ಒಗ್ಗರಣಿ ನಡದಿರ್ತದ, ಅಂವಾ ಬಂದಾಗ ಬರ್ತಾನ. ಹಂಗ ಇದು.

ಆದ್ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಹೊರಗ ಬರಾಕ ಭಾಳ ದಿನ ಉಳದಿರಲಿಲ್ಲ. ಹೊಸಾ ಸಾಮಾನು ಸೇರಸೋದು ಕಷ್ಟ. ಆಗ ಎಕ್ಸ್‌ಎಂಎಲ್ ಅನ್ನೋ ಬ್ಯಾರೆ ಗಂಟು ಅದರ ಜೋಡಿ ಹೊಂಟಿತ್ತು, ಹಾಪ್‌ಮನ್ ತಮ್ಮದನ್ನ ಅದರೊಳಗ ಇಟ್ಟು ಕಳಿಸಿದ್ರು. ಅದಕ್ಕ ಅದರ ಹೆಸರು ಎಕ್ಸ್‌ಎಂಎಲ್‌ಎಚ್‌ಟಿಟಿಪಿ. ಎಕ್ಸ್‌ಎಂಎಲ್‌ಗೂ ಇದಕ್ಕೂ ಅಂಥಾ ನಂಟೇನಿಲ್ಲ, ಗಾಡಿಯೊಳಗ ಜಾಗಾ ಸಿಗಲಿ ಅಂತ ಇಟ್ಟ ಹೆಸರು. ನಂಗ ಈ ಕತಿಯೊಳಗ ಭಾಳ ಸೇರೋದು ಇದ. 1999ರ ಮಾರ್ಚಿನಾಗ ಅದು ಮಂದಿಗೆ ಮುಟ್ಟಿತು.

ಮೊಝಿಲ್ಲಾದವ್ರೂ ತಮ್ಮ ಬ್ರೌಸರ್‌ಗೆ ಅಂಥಾದ್ದೇ ಒಂದು ಮಾಡಿಕೊಂಡ್ರು. ಆದ್ರೂ ಹೊರಗಿನವ್ರಿಗೆ ಅದರ ಗೊಡವಿ ಇರಲಿಲ್ಲ. 2004ರ ಏಪ್ರಿಲ್ 1ಕ್ಕ ಜಿಮೇಲ್ ಬಂತು, 2005ರ ಫೆಬ್ರುವರಿಗೆ ಗೂಗಲ್ ಮ್ಯಾಪ್ಸ್. ನಕಾಶಿ ಹಿಡದು ಎಳದ್ರ ಸುತ್ತಲಿನ ತುಂಡು ತಾನ ಬಂದು ಕೂಡತಿತ್ತು, ಪುಟ ಅಳ್ಳಾಡತಿರಲಿಲ್ಲ. ಮಂದಿ ಕಣ್ಣು ಬಿಟ್ಟು ನೋಡಿದ್ರು.

ಅದೇ ಫೆಬ್ರುವರಿ 18ಕ್ಕ ಜೆಸ್ಸಿ ಜೇಮ್ಸ್ ಗ್ಯಾರೆಟ್ ಒಂದು ಲೇಖನ ಬರದು ಈ ಪದ್ಧತಿಗೆ ‘ಅಜಾಕ್ಸ್’ ಅಂದ್ರು. ಗಿರಾಕಿಗಳ ಮುಂದ ಪೂರ್ತಿ ವಿವರ ಒದರೂದಕ್ಕಿಂತ ಒಂದು ಗಿಡ್ಡ ಹೆಸರು ಬೇಕಾಗಿತ್ತಂತ. ಸಾಧನ ಬಂದು ಆರು ವರ್ಷ ಆಗಿತ್ತು, ಊರತುಂಬ ಸುದ್ದಿ ಆದದ್ದು ಹೆಸರಿಟ್ಟ ಮ್ಯಾಲೆ! ಮಾಡಿದವ್ರ ಹೆಸರು ಕೇಳಿ ನೋಡ್ರಿ, ಎಷ್ಟು ಮಂದಿ ಹೇಳ್ತಾರ?

ಇದರಿಂದ ಒಂದು ಹೊಸಾ ತೊಂದ್ರೀನೂ ಬಂತು. ಪುಟದ ವಿಳಾಸ ಬದಲಾಗದಕ್ಕ ‘ಹಿಂದ’ ಗುಂಡಿ ಒತ್ತಿದ್ರ ಒಂದು ಹೆಜ್ಜಿ ಹಿಂದ ಹೋಗೋ ಬದಲು ಜಾಲತಾಣದಿಂದನ ಹೊರಗ ಬೀಳ್ತಿದ್ರು. ಅದನ್ನ ಸರಿಮಾಡೋ ಪದ್ಧತಿ ಎಚ್‌ಟಿಎಂಎಲ್ 5ರ ಜೋಡಿ ಬಂತು. ಈಗ ಬರೋ ಮಾಹಿತಿ ಹೆಚ್ಚಿಗೆ ಜೇಸನ್ ರೂಪದಾಗ ಇರ್ತದ, ಸಾಧನದ ಹೆಸರಿನ್ಯಾಗ ಮಾತ್ರ ಆ ಎಕ್ಸ್‌ಎಂಎಲ್ ಇನ್ನೂ ಕೂತದ.