ಪದಕದ ಹಿಂದಿನ ಪರಿಶ್ರಮ

ಶಾಲಾ ವಾರ್ಷಿಕೋತ್ಸವಗಳಲ್ಲಿ ನೀಲಿ ಅಥವಾ ಖಾಕಿ ಸಮವಸ್ತ್ರ ತೊಟ್ಟು, ಕೊರಳಿಗೆ ಸ್ಕಾರ್ಫ್ ಕಟ್ಟಿ, ತೋಳಿನ ಮೇಲೆ ಬಣ್ಣಬಣ್ಣದ ಪದಕಗಳನ್ನು ಧರಿಸಿ ನಿಲ್ಲುವ ಸ್ಕೌಟ್ ಮತ್ತು ಗೈಡ್ ಮಕ್ಕಳನ್ನು ಕಂಡು ಮನಸ್ಸು ತುಂಬಿ ಬರುತ್ತದೆ. ಹಾಗೆ ನಿಂತ ಮಗು ನಮ್ಮದೇ ಆಗಿದ್ದರಂತೂ ಹೇಳಬೇಕಾದ್ದೇ ಇಲ್ಲ. ಆಗ ತಂದೆತಾಯಿಯರಲ್ಲಿ ಸಹಜವಾಗಿ ಒಂದು ಪ್ರಶ್ನೆ ಮೂಡುತ್ತದೆ: ಮಗುವಿಗೆ ಮುಂದಿನ ಪದಕ ದೊರೆಯಲು ನಾವೇನು ಮಾಡಬೇಕು? ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾದ ಉತ್ತರ ಬೇಕಾದರೆ, ಈ ಪದಕಗಳು ಹುಟ್ಟಿದ್ದು ಏಕೆ ಎಂಬುದನ್ನು ಮೊದಲು ತಿಳಿಯಬೇಕು.

1899ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಎಂಬ ಪಟ್ಟಣಕ್ಕೆ ಬೋಯರ್ ಸೈನ್ಯವು ಮುತ್ತಿಗೆ ಹಾಕಿತು. 217 ದಿನಗಳ ಕಾಲ ನಡೆದ ಆ ಮುತ್ತಿಗೆಯಲ್ಲಿ ಬ್ರಿಟಿಷ್ ಪಡೆಯ ನಾಯಕನಾಗಿದ್ದವರು ರಾಬರ್ಟ್ ಬೇಡನ್ ಪೊವೆಲ್. ಸೈನಿಕರ ಕೊರತೆಯಿದ್ದುದರಿಂದ ಪಟ್ಟಣದ ಹುಡುಗರ ದಳವೊಂದನ್ನು ಕಟ್ಟಿ, ಸಂದೇಶ ಒಯ್ಯುವುದೇ ಮೊದಲಾದ ಕೆಲಸಗಳನ್ನು ಅವರಿಗೆ ವಹಿಸಲಾಯಿತು. ಹೊಣೆ ಕೊಟ್ಟರೆ ಹುಡುಗರು ಅದಕ್ಕೆ ತಕ್ಕಂತೆ ಬೆಳೆಯುತ್ತಾರೆ ಎಂಬ ಸತ್ಯವನ್ನು ಬೇಡನ್ ಪೊವೆಲ್ ಅಲ್ಲಿ ಕಣ್ಣಾರೆ ಕಂಡರು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು 20 ಹುಡುಗರ ಶಿಬಿರ ನಡೆಸಿದರು. ಸಿರಿವಂತರ ಶಾಲೆಗಳ ಹುಡುಗರೂ ದುಡಿಯುವ ಮನೆತನಗಳ ಹುಡುಗರೂ ಒಂದೇ ಡೇರೆಯಲ್ಲಿ ಮಲಗಿದರು, ಒಂದೇ ಒಲೆಯ ಅಡುಗೆ ಉಂಡರು. ಹಗ್ಗದ ಗಂಟುಗಳು, ಹೆಜ್ಜೆಗುರುತು ಪತ್ತೆ ಮುಂತಾದವುಗಳಲ್ಲಿ ಉತ್ತೀರ್ಣರಾದವರಿಗೆ ಹಿತ್ತಾಳೆಯ ಚಿಕ್ಕ ಪದಕ ದೊರೆಯಿತು. ಇಂದು ನಮ್ಮ ಮಕ್ಕಳ ತೋಳನ್ನು ಅಲಂಕರಿಸುವ ಪದಕಗಳ ವಂಶವೃಕ್ಷದ ಬೇರು ಅಲ್ಲಿದೆ.

ಮರುವರ್ಷ, 1908ರಲ್ಲಿ, 'ಸ್ಕೌಟಿಂಗ್ ಫಾರ್ ಬಾಯ್ಸ್' ಗ್ರಂಥ ಹೊರಬಂದಿತು. ಅದರ ಬೆನ್ನಿಗೇ ರೂಪುಗೊಂಡ ಪರೀಕ್ಷೆಗಳು ಗಮನಾರ್ಹವಾಗಿವೆ. ಎರಡನೆಯ ದರ್ಜೆಯ ಸ್ಕೌಟ್ ಆಗಬಯಸುವ ಹುಡುಗನು ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಬಳಸದೆ ಬಯಲಿನಲ್ಲಿ ಒಲೆ ಹೊತ್ತಿಸಬೇಕಿತ್ತು. ತನ್ನ ಊಟವನ್ನು ತಾನೇ ಬೇಯಿಸಬೇಕಿತ್ತು. ಮೊದಲ ದರ್ಜೆಗೆ ಏರಬೇಕಾದರೆ ಏಳು ಮೈಲಿ ದೂರದ ಸ್ಥಳಕ್ಕೆ ಒಬ್ಬನೇ ನಡೆದು ಅಥವಾ ದೋಣಿ ನಡೆಸಿಕೊಂಡು ಹೋಗಿ ಹಿಂದಿರುಗಿ, ಕಂಡದ್ದರ ವರದಿ ಬರೆಯಬೇಕಿತ್ತು. ಉಳಿತಾಯ ಖಾತೆಯಲ್ಲಿ ಒಂದು ಶಿಲ್ಲಿಂಗ್ ಇರಬೇಕಿತ್ತು. ಹೊಸಬನೊಬ್ಬನನ್ನು ತಾನೇ ತರಬೇತುಗೊಳಿಸಿ ಕರೆತರಬೇಕಿತ್ತು.

ಈ ಪಟ್ಟಿಯನ್ನು ಸಾವಧಾನವಾಗಿ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿನ ಮುಖ್ಯ ಪರೀಕ್ಷೆಗಳನ್ನು ಬೇರೆಯವರು ಬರೆದುಕೊಡಲಾಗದು. ತಾಯಿ ಬೆಂಕಿ ಹೊತ್ತಿಸಿಕೊಟ್ಟರೆ ಅದು ಮಗನ ಬೆಂಕಿಯಲ್ಲ. ತಂದೆ ನಡೆದ ದಾರಿ ಮಗನ ಕಾಲಿಗೆ ಬಲ ಕೊಡದು. ಹಾಗೆಯೇ, ತಾನು ಕಲಿತುದನ್ನು ಇನ್ನೊಬ್ಬನಿಗೆ ಕಲಿಸಿದ ಹೊರತು ಮೇಲಿನ ಮೆಟ್ಟಿಲು ದೊರೆಯದು ಎಂಬ ನಿಯಮವು ಪದಕವನ್ನು ಸ್ವಾರ್ಥದಿಂದ ಬಿಡಿಸಿ ಸೇವೆಗೆ ಜೋಡಿಸಿತು. ಬೇಡನ್ ಪೊವೆಲ್ ಸ್ಕೌಟ್ ಶಿಕ್ಷಕರಿಗೆ ಬರೆಯುವಾಗ ಒತ್ತಿ ಹೇಳಿದ ತತ್ತ್ವವೂ ಇದೇ: ಮಗು ತಲುಪಿದ ಮಟ್ಟಕ್ಕಿಂತ ಮಗು ಪಟ್ಟ ಪ್ರಯತ್ನವನ್ನು ಅಳೆಯಬೇಕು. ಆದ್ದರಿಂದಲೇ ಚುರುಕಾದ ಮಗುವಿನಷ್ಟೇ ನಿಧಾನವಾಗಿ ಕಲಿಯುವ ಮಗುವಿಗೂ ಪದಕದ ಬಾಗಿಲು ತೆರೆದಿತ್ತು. 1910ರಲ್ಲಿ ಅವರ ಸಹೋದರಿ ಅಗ್ನೆಸ್ ಅವರ ನೇತೃತ್ವದಲ್ಲಿ ಗೈಡ್ ಸಂಘಟನೆ ಆರಂಭವಾಗಿ ಹೆಣ್ಣುಮಕ್ಕಳಿಗೂ, 1916ರಲ್ಲಿ ಕಬ್ ವಿಭಾಗ ಆರಂಭವಾಗಿ ಚಿಕ್ಕ ಮಕ್ಕಳಿಗೂ ಈ ಅವಕಾಶ ವಿಸ್ತರಿಸಿತು. ಕೈಲಾದಷ್ಟು ಶ್ರಮಿಸು ಎಂಬುದೇ ಕಬ್ ಮಕ್ಕಳ ಧ್ಯೇಯವಾಯಿತು.

ಕಥೋಲಿಕ ವಲಯದಲ್ಲಿ ಈ ಹೊಸ ಚಳವಳಿಯನ್ನು ಆರಂಭದಲ್ಲಿ ಸಂಶಯದಿಂದ ನೋಡಿದವರೂ ಇದ್ದರು. ಯೇಸುಸಭೆಯ ಫ್ರೆಂಚ್ ಗುರು ಜಾಕ್ ಸೆವೆನ್ 1913ರಲ್ಲಿ ಇಂಗ್ಲೆಂಡಿಗೆ ತೆರಳಿ ಬೇಡನ್ ಪೊವೆಲ್‌ರನ್ನು ಭೇಟಿಯಾಗಿ, ಚಳವಳಿಯನ್ನು ಆಳವಾಗಿ ಅಭ್ಯಸಿಸಿದರು. ದೇವರ ಕುರಿತ ಕರ್ತವ್ಯವನ್ನು ಪ್ರತಿಜ್ಞೆಯಲ್ಲೇ ಸೇರಿಸಿಕೊಂಡ ಈ ಶಿಕ್ಷಣಕ್ರಮದಲ್ಲಿ ಅವರು ಸುವಾರ್ತೆಯ ಬೀಜಕ್ಕೆ ಹದವಾದ ನೆಲವನ್ನು ಕಂಡರು. 1920ರಲ್ಲಿ ಫ್ರಾನ್ಸಿನ ಕಥೋಲಿಕ ಸ್ಕೌಟ್ ಸಂಘಟನೆಯ ಸ್ಥಾಪಕರಲ್ಲೊಬ್ಬರಾದರು. 2012ರಲ್ಲಿ ಧರ್ಮಸಭೆಯು ಅವರನ್ನು ಪೂಜ್ಯರೆಂದು ಘೋಷಿಸಿತು.

ನಮ್ಮ ನಾಡಿಗೂ ಈ ಇತಿಹಾಸಕ್ಕೂ ಹತ್ತಿರದ ನಂಟಿದೆ. 1909ರಲ್ಲಿ ಕ್ಯಾಪ್ಟನ್ ಬೇಕರ್ ಎಂಬ ಅಧಿಕಾರಿ ಭಾರತದ ಮೊದಲ ಸ್ಕೌಟ್ ದಳವನ್ನು ಆರಂಭಿಸಿದ್ದು ಬೆಂಗಳೂರಿನಲ್ಲಿ. ಆದರೆ ಆ ಆರಂಭದ ದಿನಗಳಲ್ಲಿ ಈ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಮೀಸಲಾಗಿದ್ದವು. ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಈ ಅನ್ಯಾಯವನ್ನು ಒಪ್ಪದ ಆನಿ ಬೆಸೆಂಟ್ 1916ರಲ್ಲಿ ಭಾರತೀಯ ಮಕ್ಕಳಿಗಾಗಿ ಪ್ರತ್ಯೇಕ ಸ್ಕೌಟ್ ಸಂಸ್ಥೆ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮುಂತಾದವರು ಸೇವಾ ಸಮಿತಿ ಸ್ಕೌಟ್ ಸಂಸ್ಥೆಯನ್ನು ಬೆಳೆಸಿದರು. ಹೀಗೆ ಹಲವಾಗಿ ಹರಿದ ತೊರೆಗಳು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಹೆಸರಿನಲ್ಲಿ ಒಂದಾದವು. 1951ರಲ್ಲಿ ಗೈಡ್ ಸಂಸ್ಥೆಯೂ ಸೇರಿಕೊಂಡಿತು. ಇಂದು ನಮ್ಮ ಮಗು ತೊಡುವ ಪದಕ ಒಂದು ಕಾಲದಲ್ಲಿ ನಮ್ಮ ಮಕ್ಕಳ ಕೈಗೆಟುಕದ ವಸ್ತುವಾಗಿತ್ತು. ಅದನ್ನು ಹಗುರವಾಗಿ ಕಾಣುವುದು ಸಲ್ಲದು.

ಈಗ ಪ್ರವೇಶದಿಂದ ಮೊದಲ್ಗೊಂಡು ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ ರಾಜ್ಯ ಪುರಸ್ಕಾರ, ಬಳಿಕ ರಾಷ್ಟ್ರಪತಿ ಪುರಸ್ಕಾರದವರೆಗೆ ಮಗು ಏರಬಹುದು. ಸೋಪಾನವೆಂದರೆ ಮೆಟ್ಟಿಲು; ಮೆಟ್ಟಿಲನ್ನು ಒಂದೊಂದಾಗಿಯೇ ಹತ್ತಬೇಕು. ಹಂತಗಳ ನಡುವೆ ನಿಗದಿತ ತಿಂಗಳುಗಳ ಅಂತರ ಇರುವುದೂ ಈ ಕಾರಣಕ್ಕಾಗಿಯೇ. ಆದರೆ ರೈಲ್ವೆಯಂಥ ಇಲಾಖೆಗಳ ನೇಮಕಾತಿಯಲ್ಲಿ ಸ್ಕೌಟ್ ಪುರಸ್ಕೃತರಿಗೆ ಸ್ಥಾನ ಕಾದಿರಿಸಿರುವುದು ತಿಳಿದೊಡನೆ, ಪದಕವು ಕೇವಲ ಪ್ರಮಾಣಪತ್ರವಾಗಿ ಕಾಣತೊಡಗುತ್ತದೆ. ಆಗ ಮಗುವಿನ ದಿನಚರಿ ಪುಸ್ತಕವನ್ನು ತಾಯಿ ಬರೆಯುತ್ತಾಳೆ, ಕೈಕೆಲಸದ ಮಾದರಿಯನ್ನು ಅಂಗಡಿಯಿಂದ ತರಲಾಗುತ್ತದೆ, ಸೇವೆಯೆಂಬುದು ಒಂದು ಛಾಯಾಚಿತ್ರದಲ್ಲಿ ಮುಗಿಯುತ್ತದೆ. ಪದಕ ಮನೆಗೆ ಬರುತ್ತದೆ; ಮಗು ಮಾತ್ರ ಇದ್ದಲ್ಲೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಾಡದ ಕೆಲಸಕ್ಕೆ ಗೌರವ ಪಡೆಯಬಹುದು ಎಂಬ ಪಾಠವನ್ನು ಮಗು ತನ್ನ ಹೆತ್ತವರಿಂದಲೇ ಕಲಿಯುತ್ತದೆ. ಸ್ಕೌಟ್ ನಿಯಮಗಳಲ್ಲಿ ಮೊದಲನೆಯದು ನಂಬಿಕೆಗೆ ಪಾತ್ರನಾಗಿರುವುದು. ಆ ನಿಯಮವನ್ನೇ ಮುರಿದು ಗಳಿಸಿದ ಪದಕಕ್ಕೆ ಅರ್ಥವೇನು?

ಹಾಗಾದರೆ ತಂದೆತಾಯಿಯರಿಗೆ ಪಾತ್ರವೇ ಇಲ್ಲವೇ? ಖಂಡಿತ ಇದೆ. ಗಂಟು ಹಾಕಿ ಕೊಡಬೇಡಿ; ಅಭ್ಯಾಸಕ್ಕೊಂದು ಹಗ್ಗ ಕೊಡಿ, ತಪ್ಪಿದಾಗ ತಾಳ್ಮೆಯಿಂದ ಪಕ್ಕದಲ್ಲಿರಿ. ಅಡುಗೆಯ ಪರೀಕ್ಷೆಯಿದ್ದರೆ ವಾರಕ್ಕೊಮ್ಮೆ ಒಲೆಯ ಬಳಿ ಮಗುವಿಗೆ ಜಾಗ ಬಿಡಿ. ಸೀದ ಅನ್ನವನ್ನು ನಗುತ್ತ ಉಣ್ಣಿರಿ. ದಳದ ಸಭೆಗೆ ಸಮಯಕ್ಕೆ ಕಳುಹಿಸಿ, ಶಿಬಿರಕ್ಕೆ ಧೈರ್ಯದಿಂದ ಬೀಳ್ಕೊಡಿ. ನೆರೆಯ ಮನೆಯ ವೃದ್ಧರಿಗೆ ನೀರು ತಂದುಕೊಡುವಂಥ, ಯಾರ ಕ್ಯಾಮೆರಾಕ್ಕೂ ಸಿಗದ ಸೇವೆಯನ್ನು ಮಾಡಿದಾಗ ಮಗುವನ್ನು ಮೆಚ್ಚಿಕೊಳ್ಳಿ. ದಿನಚರಿಯಲ್ಲಿ ಅಕ್ಷರ ಸೊಟ್ಟಗಿದ್ದರೂ ಅದು ಮಗುವಿನದೇ ಆಗಿರಲಿ. ಪರೀಕ್ಷೆಯಲ್ಲಿ ಸೋತು ಬಂದ ದಿನ ಪರೀಕ್ಷಕರನ್ನು ದೂರದೆ, ಮತ್ತೆ ಯತ್ನಿಸೋಣ ಎಂದು ಬೆನ್ನು ತಟ್ಟಿರಿ.

ವರ್ಷಗಳು ಉರುಳಿದಂತೆ ಸಮವಸ್ತ್ರ ಚಿಕ್ಕದಾಗುತ್ತದೆ, ಪದಕಗಳ ಬಣ್ಣ ಮಾಸುತ್ತದೆ. ಆದರೆ ಮಳೆಯಲ್ಲಿ ತೊಯ್ದ ಸೌದೆಯ ಮುಂದೆ ಎರಡೇ ಕಡ್ಡಿ ಹಿಡಿದು ಕುಳಿತು, ಸೋತು, ಮತ್ತೆ ಯತ್ನಿಸಿ ಬೆಂಕಿ ಹೊತ್ತಿಸಿದ ಮಗು, ಬಾಳಿನ ಕತ್ತಲೆಯಲ್ಲೂ ಅಷ್ಟು ಸುಲಭವಾಗಿ ಕೈಚೆಲ್ಲದು. ನಾವು ನಮ್ಮ ಮಕ್ಕಳಿಗೆ ಗಳಿಸಿಕೊಡಲಾಗದ, ಆದರೆ ಅವರು ಗಳಿಸುವಂತೆ ಬಿಟ್ಟುಕೊಡಬಹುದಾದ ಆಸ್ತಿ ಅದು.