ಕುದುರೆಗಳಲ್ಲಿ ಹರ್ಪಿಸ್ ವೈರಾಣು: ಮೇಲ್ಮೈ ಪ್ರೋಟೀನುಗಳು, ರೋಗನಿರೋಧಕ ಶಕ್ತಿ ಮತ್ತು ಲಸಿಕೆಯ ಮಿತಿ

ಪೀಠಿಕೆ

ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಇಷ್ಟು ದೀರ್ಘಕಾಲ ಸಾಕಿ ಸಲಹಿದ ಗರ್ಭದ ಕುದುರೆಯು ಯಾವುದೇ ಮುನ್ಸೂಚನೆಯಿಲ್ಲದೆ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದರೆ ಸಾಕಣೆದಾರನಿಗೆ ಆಗುವ ನಷ್ಟ ಅಪಾರ. ಇದಕ್ಕೆ ಪ್ರಮುಖ ಕಾರಣಗಳಲ್ಲಿ ಒಂದು ಕುದುರೆಗಳ ಹರ್ಪಿಸ್ ವೈರಾಣು-1. "ಲಸಿಕೆ ಹಾಕಿಸಿದ್ದೆವು, ಆದರೂ ರೋಗ ಬಂದಿತು" ಎಂಬ ದೂರು ಈ ರೋಗದಲ್ಲಿ ಸಾಮಾನ್ಯ. ಅದರ ಕಾರಣವನ್ನು ತಿಳಿಯಲು ವೈರಾಣುವಿನ ಮೇಲ್ಮೈ ರಚನೆಯನ್ನು ಅರಿಯುವುದು ಅಗತ್ಯ.

ರೋಗದ ಸ್ವರೂಪ

ಇದರ ಎರಡು ಪ್ರಭೇದಗಳು ಮುಖ್ಯವಾದವು. ಹರ್ಪಿಸ್ ವೈರಾಣು-4 ಬಹುಮಟ್ಟಿಗೆ ಮರಿಗಳಲ್ಲಿ ಮೂಗು ಸೋರುವಿಕೆ, ಜ್ವರ ಮತ್ತು ಕೆಮ್ಮನ್ನು ಉಂಟುಮಾಡುತ್ತದೆ. ಹರ್ಪಿಸ್ ವೈರಾಣು-1 ಶ್ವಾಸನಾಳದಲ್ಲಿ ನಿಲ್ಲದೆ ರಕ್ತದ ಬಿಳಿಕಣಗಳೊಳಗೆ ಸೇರಿ ದೇಹವೆಲ್ಲ ಸಂಚರಿಸುತ್ತದೆ. ಗರ್ಭಕೋಶದ ರಕ್ತನಾಳಗಳಿಗೆ ಹಾನಿಯಾದರೆ ಗರ್ಭಪಾತ, ಬೆನ್ನುಹುರಿಯ ರಕ್ತನಾಳಗಳಿಗೆ ಹಾನಿಯಾದರೆ ಹಿಂಗಾಲುಗಳ ನಿತ್ರಾಣ, ಮೂತ್ರ ತೊಟ್ಟಿಕ್ಕುವಿಕೆ ಮತ್ತು ಪಾರ್ಶ್ವವಾಯು ಕಾಣಿಸಿಕೊಳ್ಳುತ್ತವೆ. 2021ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ನಡೆದ ಕುದುರೆ ಸ್ಪರ್ಧೆಯಲ್ಲಿ ಈ ನರರೂಪದ ರೋಗ ಹರಡಿ ಹಲವು ಕುದುರೆಗಳು ಸಾವಿಗೀಡಾದವು.

ಮೇಲ್ಮೈ ಪ್ರೋಟೀನುಗಳ ಕಾರ್ಯ

ಈ ವೈರಾಣುವಿಗೆ ಕೊಬ್ಬಿನಿಂದಾದ ಹೊರಹೊದಿಕೆಯಿದೆ. ಅದರ ಮೇಲೆ ಸಕ್ಕರೆಯ ಅಂಶ ಅಂಟಿಕೊಂಡ ಗ್ಲೈಕೊಪ್ರೋಟೀನುಗಳು ಮುಳ್ಳುಗಳಂತೆ ಚಾಚಿಕೊಂಡಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಇವು:

1. ಗ್ಲೈಕೊಪ್ರೋಟೀನ್ ಸಿ ಮತ್ತು ಬಿ: ಜೀವಕೋಶದ ಮೇಲಿನ ಹೆಪರಾನ್ ಸಲ್ಫೇಟ್ ಎಂಬ ವಸ್ತುವಿಗೆ ವೈರಾಣುವನ್ನು ಅಂಟಿಸುತ್ತವೆ.
2. ಗ್ಲೈಕೊಪ್ರೋಟೀನ್ ಡಿ: ಜೀವಕೋಶದ ಗ್ರಾಹಕವನ್ನು ಹಿಡಿದು ಒಳಪ್ರವೇಶಕ್ಕೆ ದಾರಿ ಮಾಡುತ್ತದೆ. ದೇಹವು ತನ್ನ ಕೋಶಗಳನ್ನು ಗುರುತಿಸಲು ಬಳಸುವ ಎಂಎಚ್‌ಸಿ-1 ಅಣುವೇ ಇಲ್ಲಿ ಗ್ರಾಹಕವಾಗಿರುವುದು ಗಮನಾರ್ಹ.
3. ಗ್ಲೈಕೊಪ್ರೋಟೀನ್ ಬಿ, ಎಚ್ ಮತ್ತು ಎಲ್: ವೈರಾಣುವಿನ ಹೊದಿಕೆಯು ಜೀವಕೋಶದ ಪೊರೆಯೊಡನೆ ಬೆಸೆಯಲು ನೆರವಾಗುತ್ತವೆ.
4. ಗ್ಲೈಕೊಪ್ರೋಟೀನ್ ಇ ಮತ್ತು ಐ: ಒಂದು ಕೋಶದಿಂದ ಪಕ್ಕದ ಕೋಶಕ್ಕೆ ವೈರಾಣು ನೇರವಾಗಿ ಹರಡಲು ಸಹಕರಿಸುತ್ತವೆ.

ಪ್ರತಿಕಾಯಗಳು ಮಾತ್ರ ಏಕೆ ಸಾಲವು?

ಲಸಿಕೆ ಪಡೆದ ಕುದುರೆಯಲ್ಲಿ ಬಿ, ಸಿ ಮತ್ತು ಡಿ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ. ಹೊರಗಿರುವ ವೈರಾಣುವನ್ನು ಇವು ಸುತ್ತುವರಿದು ತಡೆಯುತ್ತವೆ. ಆದ್ದರಿಂದ ಮೂಗಿನಿಂದ ಹೊರಬೀಳುವ ವೈರಾಣುವಿನ ಪ್ರಮಾಣ ತಗ್ಗುತ್ತದೆ. ಆದರೆ ಬಿಳಿಕಣದ ಒಳಗೆ ಅಡಗಿದ ವೈರಾಣುವನ್ನು ಪ್ರತಿಕಾಯ ತಲುಪಲಾರದು. ಸೋಂಕಿತ ಕೋಶವನ್ನೇ ಗುರುತಿಸಿ ನಾಶಪಡಿಸುವ ಕೆಲಸ ಟಿ-ಕೋಶಗಳದು. ವೈರಾಣುವು ಸೋಂಕಿತ ಕೋಶದ ಮೇಲಿನ ಎಂಎಚ್‌ಸಿ-1 ಅಣುಗಳನ್ನು ತಗ್ಗಿಸಿ ಟಿ-ಕೋಶಗಳ ಕಣ್ಣನ್ನೂ ತಪ್ಪಿಸಬಲ್ಲದು. ನಿಷ್ಕ್ರಿಯಗೊಳಿಸಿದ ಲಸಿಕೆಗಳು ಪ್ರಧಾನವಾಗಿ ಪ್ರತಿಕಾಯಗಳನ್ನೇ ಪ್ರಚೋದಿಸುವುದರಿಂದ ಅವುಗಳ ರಕ್ಷಣೆ ಭಾಗಶಃ ಮಾತ್ರ. ಸಹಜ ಸೋಂಕಿನಿಂದ ದೊರೆಯುವ ರಕ್ಷಣೆಯೂ ಕೆಲವೇ ತಿಂಗಳುಗಳದು.

ಇದಲ್ಲದೆ, ಚೇತರಿಸಿಕೊಂಡ ಕುದುರೆಯ ನರಗಂಟುಗಳಲ್ಲಿ ಹಾಗೂ ಬಿಳಿಕಣಗಳಲ್ಲಿ ವೈರಾಣು ಜೀವನಪರ್ಯಂತ ಸುಪ್ತವಾಗಿರುತ್ತದೆ. ದೂರದ ಸಾಗಾಣಿಕೆ, ಅತಿಯಾದ ದುಡಿಮೆ, ಅನ್ಯ ರೋಗ ಮುಂತಾದ ಒತ್ತಡಗಳಲ್ಲಿ ಅದು ಮತ್ತೆ ಚುರುಕಾಗಬಲ್ಲದು. ಹೊರಗಿನಿಂದ ಯಾವ ಕುದುರೆಯೂ ಬಾರದ ಲಾಯದಲ್ಲಿ ರೋಗ ಕಾಣಿಸಿಕೊಳ್ಳಲು ಇದೇ ಕಾರಣ.

ಲಸಿಕೆ

ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ದೇಶೀಯ ವೈರಾಣುವಿನಿಂದ ನಿಷ್ಕ್ರಿಯ ಲಸಿಕೆಯನ್ನು ಅಭಿವೃದ್ಧಿಪಡಿಸಿದೆ. ಗರ್ಭದ ಕುದುರೆಗಳಿಗೆ ಸಾಮಾನ್ಯವಾಗಿ 5, 7 ಮತ್ತು 9ನೇ ತಿಂಗಳಲ್ಲಿ ಲಸಿಕೆ ನೀಡುವುದು ರೂಢಿ. ನರರೂಪದ ರೋಗದಿಂದ ಲಸಿಕೆಯು ಖಚಿತ ರಕ್ಷಣೆ ನೀಡುವುದೆಂದು ಭಾವಿಸಬಾರದು. ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆಯೇ ಹಾಕಿಸಬೇಕು.

ಸಾಕಣೆದಾರರು ಅನುಸರಿಸಬೇಕಾದ ಕ್ರಮಗಳು

• ಹೊಸದಾಗಿ ತಂದ ಅಥವಾ ಜಾತ್ರೆ, ಪಂದ್ಯಗಳಿಂದ ಮರಳಿದ ಕುದುರೆಯನ್ನು ಕನಿಷ್ಠ 3 ವಾರ ಪ್ರತ್ಯೇಕವಾಗಿ ಇರಿಸಿ.
• ಈ ಅವಧಿಯಲ್ಲಿ ದಿನಕ್ಕೆರಡು ಬಾರಿ ದೇಹದ ಉಷ್ಣಾಂಶ ಅಳೆಯಿರಿ. 38.5 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪಶುವೈದ್ಯರಿಗೆ ತಿಳಿಸಿ.
• ಗರ್ಭದ ಕುದುರೆಗಳನ್ನು ಮರಿಗಳಿಂದ ಹಾಗೂ ಪ್ರಯಾಣ ಮಾಡುವ ಕುದುರೆಗಳಿಂದ ಬೇರೆಯಾಗಿ ಕಟ್ಟಿ.
• ನೀರಿನ ಬಕೆಟ್, ಲಗಾಮು, ಮೈ ಉಜ್ಜುವ ಬ್ರಷ್‌ಗಳನ್ನು ಹಂಚಿಕೊಳ್ಳಬೇಡಿ.
• ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಸೋಪು ಸುಲಭವಾಗಿ ಒಡೆಯುತ್ತದೆ. ಮೊದಲು ಸಗಣಿ, ಹುಲ್ಲುಗಳನ್ನು ತೆಗೆದು ಸೋಪಿನ ನೀರಿನಿಂದ ತೊಳೆದು, ಅನಂತರ ಸೋಂಕುನಿವಾರಕ ಬಳಸಿ.
• ಕಂದು ಹಾಕಿದಲ್ಲಿ ಭ್ರೂಣ ಹಾಗೂ ಮಾಸನ್ನು ಬರಿಗೈಯಿಂದ ಮುಟ್ಟಬೇಡಿ. ಈ ವೈರಾಣು ಮನುಷ್ಯರಿಗೆ ಹರಡುವುದಿಲ್ಲವಾದರೂ ಗರ್ಭಪಾತಕ್ಕೆ ಕಾರಣವಾಗುವ ಇತರ ಕೆಲವು ರೋಗಗಳು ಹರಡುತ್ತವೆ. ಪಶುವೈದ್ಯರು ಮಾದರಿ ಪಡೆದ ಬಳಿಕವಷ್ಟೇ ಸುಣ್ಣ ಹಾಕಿ ಆಳವಾಗಿ ಹೂಳಿ. ಆ ಕುದುರೆಯನ್ನು ಕೂಡಲೇ ಪ್ರತ್ಯೇಕಿಸಿ.

ವಿಸ್ತರಣಾ ಕಾರ್ಯಕರ್ತರಿಗೆ

ಪಿಸಿಆರ್ ಪರೀಕ್ಷೆಗಾಗಿ ಮೂಗಿನ ಸ್ವಾಬ್ ಮತ್ತು ಹೆಪ್ಪುಗಟ್ಟದಂತೆ ಇಡಿಟಿಎ ನಳಿಕೆಯಲ್ಲಿ ಸಂಗ್ರಹಿಸಿದ ರಕ್ತ ಬೇಕು. ಭ್ರೂಣವಾದರೆ ಶ್ವಾಸಕೋಶ, ಪಿತ್ತಜನಕಾಂಗ ಮತ್ತು ಗುಲ್ಮದ ತುಣುಕುಗಳನ್ನು ಮಂಜುಗಡ್ಡೆಯಲ್ಲಿಟ್ಟು ಕಳುಹಿಸಬೇಕು. ಒಂದೇ ಬಾರಿಯ ಪ್ರತಿಕಾಯ ಪರೀಕ್ಷೆಯಿಂದ ನಿರ್ಣಯಕ್ಕೆ ಬರಬಾರದು. ಲಸಿಕೆ ಪಡೆದ ಕುದುರೆಯಲ್ಲಿಯೂ ಪ್ರತಿಕಾಯಗಳಿರುತ್ತವೆ. ಲಸಿಕೆಯು ರೋಗದ ಹೊರೆಯನ್ನು ತಗ್ಗಿಸುತ್ತದೆಯೇ ಹೊರತು ಲಾಯದ ಶಿಸ್ತಿಗೆ ಬದಲಿಯಾಗಲಾರದು ಎಂಬುದನ್ನು ಸಾಕಣೆದಾರರಿಗೆ ಮೊದಲೇ ಮನವರಿಕೆ ಮಾಡಿಕೊಡುವುದು ತಮ್ಮ ಹೊಣೆ.