ಚೆಸ್: ಮುದುಡಿ ಕುಳಿತ ರಕ್ಷಣಾ ವ್ಯೂಹವನ್ನು ಎದುರಿಸುವ ಬಗೆ

ಚೆಸ್ ಆಟದಲ್ಲಿ ಬಿಳಿ ಕಾಯಿಗಳಿಂದ ಆಡುವವರಿಗೆ ಮೊದಲ ನಡೆಯ ಅನುಕೂಲವಿರುತ್ತದೆ. ಆದರೆ ಎದುರಾಳಿಯು ಹಲಗೆಯ ಮಧ್ಯಭಾಗಕ್ಕಾಗಿ ಹೋರಾಡದೆ, ಪದಾತಿಗಳನ್ನು ಒಂದೊಂದೇ ಮನೆ ಮುಂದಿರಿಸಿ, ತನ್ನ ಮೂರು ಸಾಲುಗಳೊಳಗೆ ಮುದುಡಿ ಕುಳಿತಾಗ ಆ ಅನುಕೂಲವನ್ನು ಬಳಸಿಕೊಳ್ಳುವುದು ಸುಲಭವಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಶಾಲಾ ಕ್ರೀಡಾಕೂಟಗಳ ಚೆಸ್ ಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿಗಳು ಈ ಬಗೆಯ ಆಟವನ್ನು ಅರಿತಿರುವುದು ಅಗತ್ಯ. ಕಂಠಪಾಠ ಮಾಡಿದ ಆರಂಭಿಕ ನಡೆಗಳು ಇಲ್ಲಿ ಬೇಗನೆ ಮುಗಿದುಹೋಗುತ್ತವೆ. ಅನಂತರ ತಾಳ್ಮೆಗೆಟ್ಟು ಮಾಡುವ ಅವಸರದ ದಾಳಿಯೇ ಸೋಲಿಗೆ ದಾರಿಯಾಗುತ್ತದೆ.

ಬೇರು ಭಾರತದಲ್ಲಿ

ಇಂತಹ ವ್ಯೂಹಗಳಿಗೂ ಭಾರತಕ್ಕೂ ಹಳೆಯ ನಂಟಿದೆ. ಭಾರತದ ಸಾಂಪ್ರದಾಯಿಕ ಚದುರಂಗದಲ್ಲಿ ಪದಾತಿಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಸಾಗುತ್ತಿತ್ತು. ಆದ್ದರಿಂದ ನಿಧಾನವಾಗಿ ಪಡೆಯನ್ನು ಕಟ್ಟಿಕೊಳ್ಳುವುದು ಇಲ್ಲಿನ ಆಟಗಾರರಿಗೆ ಸಹಜವಾಗಿತ್ತು. 19ನೆಯ ಶತಮಾನದ ಮಧ್ಯದಲ್ಲಿ ಕಲ್ಕತ್ತದ ಮಹೇಶಚಂದ್ರ ಬ್ಯಾನರ್ಜಿಯವರು ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ವಿರುದ್ಧ ಆಡಿದ ಆಟಗಳಲ್ಲಿ ಇದನ್ನು ಕಾಣಬಹುದು. ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಬಂದದ್ದು ಈ ಹಿನ್ನೆಲೆಯಿಂದ. ಹಳೆಯ ಭಾರತೀಯ ನಿಯಮಗಳಲ್ಲಿ ಆಟ ಕಲಿತ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ವ್ಯೂಹಗಳ ಪರಿಚಯ

ಹಲಗೆಯ ಕಂಬಸಾಲುಗಳನ್ನು ಬಿಳಿಯವನ ಎಡದಿಂದ ಎ, ಬಿ, ಸಿ ಎಂದು ಎಚ್ ವರೆಗೆ, ಅಡ್ಡಸಾಲುಗಳನ್ನು ಅವನ ಬದಿಯಿಂದ 1ರಿಂದ 8ರವರೆಗೆ ಗುರುತಿಸಲಾಗುತ್ತದೆ. ಬಿಳಿಯವನು ಇ4 ಮತ್ತು ಡಿ4 ಮನೆಗಳಲ್ಲಿ ಪದಾತಿಗಳನ್ನು ಇರಿಸಿದಾಗ ಕಪ್ಪಿನವನು ಡಿ6, ಜಿ6 ನಡೆಗಳನ್ನು ಆಡಿ ಒಂಟೆಯನ್ನು ಜಿ7ರಲ್ಲಿ ಕೂರಿಸುವುದು ಪಿರ್ಕ್ ಹಾಗೂ ಮಾಡರ್ನ್ ರಕ್ಷಣೆಗಳ ಲಕ್ಷಣ. ಇದರ ಅತಿರೇಕದ ರೂಪವೇ ‘ಹಿಪ್ಪೊಪೊಟಮಸ್’, ಅಂದರೆ ನೀರಾನೆ. ಇದರಲ್ಲಿ ಎ, ಬಿ, ಡಿ, ಇ, ಜಿ, ಎಚ್ ಪದಾತಿಗಳು ಆರನೆಯ ಸಾಲಿನಲ್ಲಿ ನಿಲ್ಲುತ್ತವೆ. ಒಂಟೆಗಳು ಬಿ7, ಜಿ7ರಲ್ಲಿ, ಕುದುರೆಗಳು ಡಿ7, ಇ7ರಲ್ಲಿ ಇರುತ್ತವೆ.

ಇದು ಅಂಜುಬುರುಕರ ಆಟವೆಂದು ಭಾವಿಸಬಾರದು. 1966ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 12 ಮತ್ತು 16ನೆಯ ಆಟಗಳಲ್ಲಿ ಬೋರಿಸ್ ಸ್ಪಾಸ್ಕಿ ಈ ವ್ಯೂಹವನ್ನೇ ಬಳಸಿ ಚಾಂಪಿಯನ್ ಟಿಗ್ರಾನ್ ಪೆಟ್ರೋಸಿಯನ್ ಅವರೊಡನೆ ಡ್ರಾ ಸಾಧಿಸಿದರು. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ಅಂದಿನ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೋವ್, ಎ6 ಎಂಬ ವಿಚಿತ್ರ ಮೊದಲ ಉತ್ತರ ನೀಡಿದ ಟೋನಿ ಮೈಲ್ಸ್ ಅವರಿಗೆ ಸೋತರು.

ಅಣೆಕಟ್ಟು ಮತ್ತು ಗೇಟು

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವು ಘಟಪ್ರಭೆಯ ನೀರನ್ನು ತಡೆದಿಟ್ಟು, ಬೇಕಾದಾಗ ಗೇಟಿನ ಮೂಲಕ ಬಿಡುತ್ತದೆ. ಮುದುಡಿದ ವ್ಯೂಹದ ಬಲವೂ ಅಂತಹುದೇ. ಕಪ್ಪಿನವನು ಸಂಗ್ರಹಿಸಿದ ಶಕ್ತಿ ಹೊರಬರಲು ಪದಾತಿಯ ಒಂದು ನೂಕು ಬೇಕು. ಸಿ5, ಇ5, ಬಿ5, ಡಿ5 ಮತ್ತು ಎಫ್5 ಆ ಗೇಟುಗಳು. ಬಿಳಿಯವನು ಪ್ರತಿ ನಡೆಗೂ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಯಾವ ಗೇಟು ತೆರೆಯಬಹುದು, ತೆರೆದರೆ ತನ್ನ ಉತ್ತರವೇನು?

ಬಿಳಿಯವನ ಸಿದ್ಧತೆ

ಮೊದಲು ಎಲ್ಲ ಕಾಯಿಗಳನ್ನೂ ಹೊರತರಬೇಕು. ಕುದುರೆಗಳು ಸಿ3, ಎಫ್3ರಲ್ಲಿ, ಒಂಟೆಗಳು ಇ2, ಇ3ರಲ್ಲಿ, ರಾಣಿ ಡಿ2ರಲ್ಲಿ ನಿಂತು, ರಾಜನು ಕ್ಯಾಸ್ಲಿಂಗ್ ಮಾಡಿ, ಆನೆಗಳು ಡಿ ಮತ್ತು ಇ ಸಾಲುಗಳಿಗೆ ಬಂದರೆ ಮಧ್ಯಭಾಗ ಭದ್ರವಾಗುತ್ತದೆ. ಎ4 ನಡೆಯು ಬಿ5 ಗೇಟನ್ನು ಕಾಯುತ್ತದೆ. ಇ3ರ ಒಂಟೆಯೂ ಡಿ2ರ ರಾಣಿಯೂ ಎಚ್6ರತ್ತ ಒಂದೇ ಓರೆಸಾಲಿನಲ್ಲಿ ನೋಡುತ್ತಿರುತ್ತವೆ. ನೀರಾನೆ ವ್ಯೂಹದಲ್ಲಿ ಕಪ್ಪಿನವನು ರಾಜನ ಕಡೆಗೆ ಕ್ಯಾಸ್ಲಿಂಗ್ ಮಾಡಿದರೆ ಎಚ್6ರ ಪದಾತಿ ಕಳೆದುಹೋಗುವ ಭಯವಿರುತ್ತದೆ. ಆದ್ದರಿಂದ ಅವನ ರಾಜ ಬಹುಕಾಲ ನಡುವೆಯೇ ಉಳಿಯುತ್ತಾನೆ.

ಎರಡನೆಯದಾಗಿ, ಕಾರಣವಿಲ್ಲದೆ ಕಾಯಿಗಳನ್ನು ವಿನಿಮಯ ಮಾಡಬಾರದು. ಇಕ್ಕಟ್ಟಿನಲ್ಲಿರುವವನಿಗೆ ಪ್ರತಿಯೊಂದು ವಿನಿಮಯವೂ ಉಸಿರಾಡಲು ಜಾಗ ಕೊಡುತ್ತದೆ. ರಾಜನ ಕಾವಲಿಗೆ ನಿಂತ ಜಿ7ರ ಒಂಟೆಯನ್ನು ತೆಗೆಯುವುದು ಇದಕ್ಕೆ ಮುಖ್ಯ ಅಪವಾದ. ಪಿರ್ಕ್ ರಕ್ಷಣೆಯಲ್ಲಿ ಕಪ್ಪಿನವನು ಕ್ಯಾಸ್ಲಿಂಗ್ ಮಾಡಿದ ಬಳಿಕ ಒಂಟೆಯನ್ನು ಎಚ್6ಕ್ಕೆ ಒಯ್ಯುವುದರ ಉದ್ದೇಶ ಇದೇ.

ಗೇಟು ತೆರೆದಾಗ

ಕಪ್ಪಿನವನು ಇ5 ಆಡಿದಾಗ ಪದಾತಿಯನ್ನು ತಕ್ಷಣ ಹೊಡೆಯಬೇಕೆಂದಿಲ್ಲ. ಮಧ್ಯದ ಬಿಗಿಯನ್ನು ಹಾಗೆಯೇ ಉಳಿಸಬಹುದು. ಡಿ5 ಎಂದು ಮುಚ್ಚಿದರೆ ಅವನ ಮುಂದಿನ ಗೇಟು ಎಫ್5 ಆಗುತ್ತದೆ. ಆಗ ಬಿಳಿಯವನ ಆಟ ರಾಣಿಯ ಕಡೆಗೆ ಸಾಗಬೇಕು: ಸಿ3ರ ಕುದುರೆಯನ್ನು ಸರಿಸಿ, ಪದಾತಿಯನ್ನು ಸಿ4, ಸಿ5 ಎಂದು ಒಯ್ಯಬೇಕು. ಸಿ5 ನಡೆಗೆ ಡಿ5 ಎಂದು ಉತ್ತರಿಸಿದರೆ ಜಾಗ ಹೆಚ್ಚುತ್ತದೆ; ಆಗ ಬಿ5 ತಡೆಯಲು ಮೊದಲೇ ಆಡಿದ ಎ4 ನೆರವಿಗೆ ಬರುತ್ತದೆ.

ಮುನ್ನುಗ್ಗುವ ಸಮಯ

ಕಾಯುವುದೇ ಗುರಿಯಲ್ಲ. ಎರಡು ಸಂಗತಿಗಳು ಕೂಡಿದಾಗ ಬಿಳಿಯವನು ತಾನೇ ಮಧ್ಯಭಾಗವನ್ನು ತೆರೆಯಬೇಕು: ತನ್ನ ಎಲ್ಲ ಕಾಯಿಗಳೂ ಸಿದ್ಧವಾಗಿರಬೇಕು, ಕಪ್ಪು ರಾಜ ಇನ್ನೂ ನಡುವೆ ಇರಬೇಕು. ಆಗ ಇ5 ಅಥವಾ ಡಿ5 ನೂಕು ಆನೆಗಳಿಗೆ ದಾರಿ ಮಾಡಿಕೊಡುತ್ತದೆ. ಇದೇ ನೂಕನ್ನು ಸಿದ್ಧತೆಯಿಲ್ಲದೆ ಆರನೆಯ ನಡೆಯಲ್ಲಿ ಆಡಿದರೆ ಮುಂದೆ ಹೋದ ಪದಾತಿಯೇ ಎದುರಾಳಿಯ ಗುರಿಯಾಗಬಹುದು. ಜಿ7ರ ಒಂಟೆ ಕಾದು ಕುಳಿತಿರುವುದು ಅದಕ್ಕಾಗಿಯೇ. ವಿರೋಧವಿಲ್ಲದೆ ದೊರೆತ ಜಾಗವನ್ನು ಗೆಲುವೆಂದು ತಿಳಿಯದೆ, ಅದನ್ನು ಕಾಪಾಡಬೇಕಾದ ಹೊಣೆಯೆಂದು ತಿಳಿದವನಿಗೆ ಮಾತ್ರ ಈ ವ್ಯೂಹ ಮಣಿಯುತ್ತದೆ.